ಗಾಜಿನ ಬೀರುವಿನ ಹಿಂದಿನ ಮುಖ

ನಾನು ಇಪ್ಪತ್ತಾರು ವರ್ಷ ಬೊಂಬೆಗಳಿಗೆ ಬಟ್ಟೆ ಹೊಲಿದವಳು. ಮೊರಾವಿಯಾ ಸೀಮೆಯ ನಮ್ಮ ಊರಿನಲ್ಲಿ, ಸಕ್ಕರೆ ಕಾರ್ಖಾನೆಯ ಹಿಂದೆ, ಬೊಂಬೆ ಸಿನಿಮಾಗಳ ಸ್ಟುಡಿಯೋ ಒಂದಿತ್ತು. ಅಲ್ಲಿ ಅಂಗೈಯಗಲದ ಕೋಟು, ಉಗುರಿನಷ್ಟು ಜೇಬು, ಅಕ್ಕಿಕಾಳಿನಂಥ ಗುಂಡಿ, ಇವೇ ನನ್ನ ಬದುಕು. ಇದನ್ನು ಹೇಳಿದರೆ ಜನ "ಅಯ್ಯೋ ಎಷ್ಟು ಮುದ್ದಾದ ಕೆಲಸ!" ಅನ್ನುತ್ತಾರೆ. ಮುದ್ದಂತೆ ಮುದ್ದು! ಒಂದು ಬೊಂಬೆಯ ತಲೆ ಎಡಕ್ಕೆ ತಿರುಗಲಿ ಅಂತ ಒಂದು ಹೊತ್ತು ಪೂರ್ತಿ ಉಸಿರು ಬಿಗಿಹಿಡಿದು ಕೂರುವ ಜನ ನಾವು. ನಮ್ಮಲ್ಲಿ ತಲೆ ನೆಟ್ಟಗಿದ್ದವರು ಕಡಿಮೆ.

ಅಂಥ ನಮ್ಮೊಳಗೂ ವ್ಲಾಸ್ತಾ ಶೆಬ್ಕೋವಾಳ ಪಾಡು ಯಾರಿಗೂ ಬೇಡ. ಬೊಂಬೆಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ ನಡೆಸುವುದು ಅವಳ ಕೆಲಸ. ಹಾಗೆ ಸರಿಸಿದಾಗಲೆಲ್ಲ ಕ್ಯಾಮೆರಾ ಒತ್ತಿ ಒಂದೊಂದು ಫ್ರೇಮು ತೆಗೆಯುವುದು ರಾಡೊಮಿರನ ಕೆಲಸ. ಒಂದು ಸೆಕೆಂಡಿನ ಸಿನಿಮಾಕ್ಕೆ ಇಪ್ಪತ್ನಾಲ್ಕು ಫ್ರೇಮು. ಇಬ್ಬರೂ ಜೋಡಿಯಾಗಿ ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ರಾಡೊಮಿರ್ ಅವಳ ಗಂಡನಾಗಿದ್ದ. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು.

ಆಯಿತು ಅಂದರೆ ಏನಾಯಿತು? ಕಾಗದದ ಮೇಲೆ ಆಯಿತು. ಆಗ ನಮ್ಮಲ್ಲಿ ಗಂಡಹೆಂಡಿರನ್ನು ಬೇರೆ ಮಾಡಲು ನ್ಯಾಯಾಧೀಶರಿಗೆ ಅರ್ಧ ಗಂಟೆ ಸಾಕಿತ್ತು. ಬೇರೆ ಮನೆ ಕೊಡಲು ಸರ್ಕಾರಕ್ಕೆ ಹತ್ತು ವರ್ಷ ಬೇಕಿತ್ತು. ಹಾಗಾಗಿ ಕಾಂಕ್ರೀಟು ಕಟ್ಟಡದ ಆರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಹಾಗೇ ಉಳಿದರು. ಅವಳಿಗೊಂದು ಕೋಣೆ, ಅವನಿಗೊಂದು ಕೋಣೆ, ನಡುವೆ ಒಂದೇ ಅಡುಗೆಮನೆ, ಒಂದೇ ಬಚ್ಚಲು. ಫ್ರಿಜ್ಜಿನ ನಡುವಿಗೆ ಹೊಲಿಗೆ ದಾರ ಕಟ್ಟಿದ್ದರು, ದಾರದ ಈಚೆ ಅವಳ ಬೆಣ್ಣೆ, ಆಚೆ ಅವನ ಬೆಣ್ಣೆ. ಆ ದಾರ ಕೊಟ್ಟವಳು ನಾನೇ.

ಮನೆಯಲ್ಲಿ ಮಾತಿಲ್ಲ. ಸ್ಟುಡಿಯೋದಲ್ಲಿ ಎರಡೇ ಮಾತು. ಬೊಂಬೆ ಸರಿಸಿ ಕೈ ಹಿಂದಕ್ಕೆಳೆದುಕೊಂಡು ಅವಳು "ಹೂಂ" ಅನ್ನಬೇಕು. ಒತ್ತಿ ಅವನು "ಆಯ್ತು" ಅನ್ನಬೇಕು. ಮತ್ತೆ ಹೂಂ, ಮತ್ತೆ ಆಯ್ತು. ಅವಳು ಹೂಂ ಅನ್ನದೆ ಅವನು ಒತ್ತುವಂತಿಲ್ಲ, ಒತ್ತಿದರೆ ಅವಳ ಕೈ ಚಿತ್ರದಲ್ಲಿ ಬಿದ್ದುಬಿಡುತ್ತದೆ. ಶಾಟು ಶುರುವಾದ ಮೇಲೆ ಮುಗಿಯುವ ತನಕ ಜೋಡಿ ಬದಲಿಸುವುದೂ ಇಲ್ಲ. ಕೈ ಬದಲಾದರೆ ಬೊಂಬೆಯ ನಡಿಗೆಯೇ ಬದಲಾಗುತ್ತದೆ, ನೋಡುವವರಿಗೆ ಅದು ಬೇರೆ ಯಾರೋ ಅನ್ನಿಸಿಬಿಡುತ್ತದೆ.

ತನಗೆ ಬೇರೆ ಕ್ಯಾಮೆರಾದವನನ್ನು ಕೊಡಿ ಅಂತ ವ್ಲಾಸ್ತಾ ಸ್ಟುಡಿಯೋದ ಮುಖ್ಯಸ್ಥ ದ್ರಾಪೆಲಾನನ್ನು ಮೂರು ಸಲ ಕೇಳಿದ್ದಳು. ಆ ಮಹಾಶಯ ಕನ್ನಡಕ ಒರೆಸುತ್ತ ಹೇಳಿದ್ದನಂತೆ: "ಕಾಮ್ರೇಡ್ ಶೆಬ್ಕೋವಾ, ಗಂಡಹೆಂಡ್ತಿಯಾಗಿ ನೀವು ಬೇಕಾದ್ರೆ ಹತ್ತು ಸಲ ಬೇರೆಯಾಗಿ, ನಂದೇನೂ ಅಭ್ಯಂತರ ಇಲ್ಲ. ಆದ್ರೆ ಇಷ್ಟು ಚೆನ್ನಾಗಿ ಹೊಂದ್ಕೊಂಡು ಹೋಗೋ ಜೋಡಿ ನನಗೆ ಇನ್ನೆಲ್ಲಿ ಸಿಗ್ಬೇಕು ಹೇಳಿ?"

ಎಪ್ಪತ್ನಾಲ್ಕರ ಸೆಪ್ಟೆಂಬರಿನಲ್ಲಿ ರಾಜಧಾನಿ ಪ್ರಾಗ್‌ನಿಂದ ಒಂದು ಕಥೆ ಬಂತು. ಮಕ್ಕಳು ಮಲಗುವ ಮುಂಚೆ ಟಿವಿಯಲ್ಲಿ ತೋರಿಸುವ ಏಳು ನಿಮಿಷದ ಚಿತ್ರಕ್ಕೆ. ಅಡುಗೆಮನೆಯ ಗಾಜಿನ ಬೀರುವಿನಲ್ಲಿ ಇಬ್ಬರು ಮುದುಕ ಮುದುಕಿ ಬೊಂಬೆಗಳಿರುತ್ತವೆ. ಜಗಳವಾಡುತ್ತವೆ. ಬೀರುವಿನ ನಡುವೆ ದಾರ ಕಟ್ಟಿಕೊಳ್ಳುತ್ತವೆ. ಕ್ರಿಸ್ಮಸ್ ಬರುತ್ತದೆ. ದಾರ ಕತ್ತರಿಸಿ, ಜಡೆಯ ಹಾಗೆ ಹೆಣೆದ ಸಿಹಿ ಬ್ರೆಡ್ಡನ್ನು ಒಟ್ಟಿಗೆ ಕೂತು ತಿನ್ನುತ್ತವೆ. ಬರೆದ ಪುಣ್ಯಾತ್ಮನಿಗೆ ನಮ್ಮ ಊರಿನ ಫ್ರಿಜ್ಜಿನ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ. ಓದಿ ನನಗೇ ಮೈ ಜುಮ್ಮೆಂದಿತು.

ದ್ರಾಪೆಲಾ ವ್ಲಾಸ್ತಾಳನ್ನು ಕರೆಸಿ ಕೂರಿಸಿ ಕಾಫಿ ಕೊಟ್ಟ. ಸ್ಟುಡಿಯೋದ ಪಾಲಿಗೆ ಸರ್ಕಾರ ಒಂದು ಒಂಟಿ ಕೋಣೆಯ ಮನೆ ಬಿಟ್ಟುಕೊಟ್ಟಿತ್ತು. ಆ ವರ್ಷ ನಾವು ಮುಗಿಸಬೇಕಾದ ಮಕ್ಕಳ ಚಿತ್ರಗಳ ಲೆಕ್ಕದಲ್ಲಿ ಒಂದು ಕಡಿಮೆ ಬೀಳುತ್ತಿತ್ತು. ಡಿಸೆಂಬರಿನೊಳಗೆ ಈ ಚಿತ್ರ ಪರಿಶೀಲನಾ ಸಮಿತಿಯಲ್ಲಿ ಪಾಸಾದರೆ ಆ ಮನೆಗೆ ಅವಳ ಹೆಸರೇ ಬರೆಯುತ್ತೇನೆ ಅಂದ.

ಮಾರನೆಯ ದಿನ ವ್ಲಾಸ್ತಾ ನನ್ನ ಹೊಲಿಗೆ ಕೋಣೆಗೆ ಬಂದಳು. ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಮಿಲಾಡಾ, ನಾನು ಹೋಗಿ ನೋಡ್ಕೊಂಡು ಬಂದೆ ಕಣೇ. ಕಾವಲುಗಾರ ಬೀಗ ತೆಗ್ದು ತೋರಿಸ್ದ. ಗೋಡೆಯಿಂದ ಗೋಡೆಗೆ ಹನ್ನೊಂದು ಹೆಜ್ಜೆ. ಕಿಟಕಿ ತೆಗೆದ್ರೆ ರೈಲು ಕಾಣತ್ತೆ."

"ರೈಲಿನ ಸದ್ದಿಗೆ ನಿದ್ದೆ ಬರತ್ತೇನೇ?"

"ಸದ್ದು ಎಷ್ಟಾದ್ರೂ ಆಗ್ಲಿ. ಅವನು ಬ್ರೆಡ್ ಅಗಿಯೋ ಸದ್ದು ಕೇಳಿಸ್ದಿದ್ರೆ ಸಾಕು."

ಹನ್ನೊಂದು ಹೆಜ್ಜೆ. ಅವಳಿಗೆ ಲೋಕದಲ್ಲಿ ಬೇಕಾಗಿದ್ದು ಅಷ್ಟೇ. ನಲವತ್ತೆರಡು ವರ್ಷದ ಹೆಂಗಸು ಇದಕ್ಕಿಂತ ಕಡಿಮೆ ಏನು ಕೇಳಬಹುದು, ನನಗಂತೂ ಗೊತ್ತಿಲ್ಲ.

ಚಿತ್ರೀಕರಣ ಶುರುವಾಯಿತು. ಬೊಂಬೆಗಳ ಬಾಯಿಗೆ ಮೇಣದ ಹಲ್ಲು ಹಾಕಿದರೆ ದೀಪದ ಬಿಸಿಗೆ ಕರಗುತ್ತಿತ್ತು. ಕೊನೆಗೆ ನಾನೇ ನನ್ನ ಮಗಳ ಹಾಲುಹಲ್ಲುಗಳನ್ನು ತಂದುಕೊಟ್ಟೆ, ಸಾಸಿವೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಅವನ್ನು ಅರೆದು ಸಣ್ಣ ಮಾಡಿ ಕೂರಿಸಿದರು. ಕೂರಿಸಿದ ಮೇಲೆ ಆ ಮುದುಕಿ ಬೊಂಬೆ ನಕ್ಕರೆ ನೋಡಬೇಕಿತ್ತು! ನಾನು ಅದಕ್ಕೆ ಏಪ್ರನ್ ತೊಡಿಸುವಾಗ ಮುಖ ಆಚೆ ತಿರುಗಿಸಿಟ್ಟುಕೊಳ್ಳುತ್ತಿದ್ದೆ.

ಹಲ್ಲಿನದು ನನ್ನ ತಪ್ಪು ಅಂತಲೇ ಇಟ್ಟುಕೊಳ್ಳಿ. ಆದರೆ ಉಳಿದಿದ್ದೆಲ್ಲ ವ್ಲಾಸ್ತಾಳ ಬೆರಳುಗಳಿಂದ ಬಂತು. ಕಥೆಯಲ್ಲಿ "ಮುದುಕಿ ಮುನಿಸಿಕೊಂಡು ಡ್ರಾಯರಿನಲ್ಲಿ ಕೂರುತ್ತಾಳೆ" ಅಂತಿತ್ತು. ಇವಳ ಕೈಯಲ್ಲಿ ಆ ಮುದುಕಿ ಡ್ರಾಯರಿನೊಳಗೆ ಮುದುಡಿ, ಕಿವಿಯನ್ನು ಮರಕ್ಕೊತ್ತಿ, ಆಚೆ ಮುದುಕ ಅಗಿಯುವುದನ್ನು ಎಣಿಸುತ್ತಿತ್ತು. ಮುದುಕ ಬೊಂಬೆ ಬ್ರೆಡ್ಡು ಕೊಯ್ದ ಮೇಲೆ ಚಾಕುವನ್ನು ಬ್ರೆಡ್ಡಿನ ತೊಗಟೆಗೆ ಒರೆಸುತ್ತಿತ್ತು. ಈಚೆ ಒಮ್ಮೆ, ಆಚೆ ಒಮ್ಮೆ, ಮತ್ತೆ ಈಚೆ ಒಮ್ಮೆ. ಅದನ್ನು ನೋಡಿದ ದಿನ ನಾನು ಅವಳನ್ನು ಮೂಲೆಗೆ ಎಳೆದೆ.

"ಅಲ್ಲವೇ ಮಾರಾಯ್ತಿ, ಅದು ರಾಡೊಮಿರ್ ಅಲ್ವೇನೇ? ಕ್ಯಾಂಟೀನಲ್ಲಿ ದಿನಾ ಹಂಗೇ ಅಲ್ವಾ ಅವನು ಚಾಕು ಒರೆಸೋದು!"

ಅವಳ ಮುಖ ಬಿಳಚಿಕೊಂಡಿತು. "ದೇವರಾಣೆ ಗೊತ್ತಾಗ್ಲಿಲ್ಲ ಕಣೇ. ಕೈ ತಾನಾಗೇ ಹೋಯ್ತು."

"ಅವನಿಗೆ ಗೊತ್ತಾಗಿರಲ್ವಾ? ಕ್ಯಾಮೆರಾದಲ್ಲಿ ಕಣ್ಣಿಟ್ಕೊಂಡಿದ್ದನಲ್ಲ!"

"ಆಯ್ತು ಅಂದ. ಅಷ್ಟೇ ಅಂದಿದ್ದು."

ಅಲ್ಲಿಯವರೆಗೆ ತೆಗೆದದ್ದನ್ನು ನೋಡಿದ ದ್ರಾಪೆಲಾ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಇದನ್ನ ನೋಡಿ ಮಕ್ಕಳು ಮಲಗ್ತಾವಾ, ಕಾಮ್ರೇಡ್? ನನಗೇ ನಿದ್ದೆ ಬರೋ ಹಾಗಿಲ್ಲ. ಕೊನೇನಾದ್ರೂ ಸುಖವಾಗಿರ್ಲಿ. ಬೊಂಬೆಗಳು ಚೆನ್ನಾಗಿ ನಗ್ಬೇಕು. ನಿಮ್ಮ ಮನೆ ಇರೋದು ಆ ನಗೂನಲ್ಲೇ, ನೆನಪಿಟ್ಕೊಳ್ಳಿ."

ಕೊನೆಯ ಶಾಟಿಗೆ ಎರಡು ದಿನ ಹಿಡಿಯಿತು. ಬಾಗಿಲು ಹಾಕಿ, ಹೊರಗೆ ಕೆಂಪು ದೀಪ ಹಚ್ಚಿ, ಒಳಗೆ ಅವರಿಬ್ಬರೇ. ನೆಲದ ಹಲಗೆ ಅಲುಗಬಾರದೆಂದು ಆ ಕಡೆ ನಾವು ಯಾರೂ ಸುಳಿಯುವಂತಿರಲಿಲ್ಲ. ನಾನು ಮಧ್ಯಾಹ್ನ ಬಾಗಿಲ ಹೊರಗೆ ಆಲೂಗೆಡ್ಡೆ ಸೂಪಿನ ಎರಡು ಪಾತ್ರೆ ಇಡುತ್ತಿದ್ದೆ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ. ಒಳಗಿಂದ ಅದೇ ಕೇಳುತ್ತಿತ್ತು. ಹೂಂ. ಆಯ್ತು. ಹೂಂ. ಆಯ್ತು.

ವ್ಲಾಸ್ತಾ ಮನಸ್ಸಿಟ್ಟೇ ಮಾಡಿದಳು, ಅದರಲ್ಲಿ ಅನುಮಾನ ಬೇಡ. ಮುದುಕಿಯ ಕೈಗೆ ಕತ್ತರಿ ಕೊಟ್ಟಳು, ದಾರ ಕತ್ತರಿಸಿದಳು, ಇಬ್ಬರನ್ನೂ ಒಂದೇ ತಟ್ಟೆಯ ಮುಂದೆ ಕೂರಿಸಿದಳು, ನಗಿಸಿದಳು. ಬೀರುವಿನ ಹಿಂಬದಿಯ ಹಲಗೆ ತೆಗೆದಿದ್ದರು, ಅವಳ ಕೈ ಒಳಗೆ ಹೋಗಬೇಕಲ್ಲ. ಮುದುಕಿಯ ತುಟಿಯನ್ನು ಇನ್ನಷ್ಟು ಅಗಲಿಸಲು ಎರಡನೇ ದಿನ ಮಧ್ಯಾಹ್ನ ಅವಳು ಆ ತೂತಿನಲ್ಲಿ ತಲೆಯನ್ನೇ ತೂರಿಸಬೇಕಾಯಿತಂತೆ. ದೀಪದ ಬಿಸಿ, ಕಣ್ಣಿಗೆ ಕತ್ತಲೆ. ಎದುರಿಗೆ ಎರಡು ಬೊಂಬೆಗಳ ಬೆನ್ನು, ಅವುಗಳ ಆಚೆ ಗಾಜಿನ ಬಾಗಿಲು, ಗಾಜಿನ ಆಚೆ ಕ್ಯಾಮೆರಾ. ಅಳು ಬಂದುಬಿಟ್ಟಿತು. ಬೊಂಬೆಗಳ ಮೇಲೆ ನೀರು ಬೀಳಬಾರದೆಂದು ಕೆಳತುಟಿ ಕಚ್ಚಿಕೊಂಡು ಹಾಗೇ ಇದ್ದಳಂತೆ. ಟಿಕ್ ಟಿಕ್ ಅಂತ ಎರಡು ಮೂರು ಸಲ ಸಣ್ಣಗೆ ಸದ್ದಾಯಿತು, ದೀಪದ ತಗಡು ಕಾದಿರಬೇಕು ಅಂದುಕೊಂಡಳು. ತಲೆ ಹೊರಗೆಳೆದುಕೊಂಡು ಮೂಗು ಒರೆಸಿಕೊಂಡು "ಹೂಂ" ಅಂದಳು. ಅವನು "ಆಯ್ತು" ಅಂದ. ಮಾರನೆಯ ದಿನ ಶಾಟು ಹಾಗೇ ಫಿಲ್ಮು ತೊಳೆಯುವ ಪ್ರಯೋಗಾಲಯಕ್ಕೆ ಹೋಯಿತು, ಮತ್ತೆ ಕೂತು ನೋಡಲು ಯಾರಿಗೂ ಸಮಯವಿರಲಿಲ್ಲ.

ಡಿಸೆಂಬರ್ ಹದಿನೇಳಕ್ಕೆ ಸಮಿತಿಯ ಮೂವರು ಬಂದರು. ಮಕ್ಕಳ ಚಿತ್ರವನ್ನು ಮಕ್ಕಳ ಜೊತೆಗೇ ಕೂತು ನೋಡುವುದು ವಾಡಿಕೆ. ಹತ್ತಿರದ ಶಿಶುವಿಹಾರದ ಇಪ್ಪತ್ತು ಮಕ್ಕಳನ್ನು ಕೈಕೈ ಹಿಡಿಸಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಿಂದಿನ ಗೋಡೆಗೆ ಒರಗಿ ವ್ಲಾಸ್ತಾ ನಿಂತಿದ್ದಳು, ಅವಳ ಪಕ್ಕದಲ್ಲಿ ನಾನು, ಆ ತುದಿಯಲ್ಲಿ ರಾಡೊಮಿರ್.

ಮಕ್ಕಳು ಮೊದಮೊದಲು ನಕ್ಕವು. ಡ್ರಾಯರಿನ ದೃಶ್ಯ ಬರುತ್ತಲೇ ಸದ್ದಡಗಿತು. ಕೊನೆ ಬಂತು. ಪರದೆಯ ತುಂಬ ಆ ಇಬ್ಬರು, ನನ್ನ ಮಗಳ ಹಲ್ಲುಗಳನ್ನು ತೋರಿಸಿ ನಗುತ್ತ, ಒಂದೇ ಬ್ರೆಡ್ಡನ್ನು ಎರಡು ಕಡೆಯಿಂದ ಅಗಿಯುತ್ತಿದ್ದರು. ಇಡೀ ಚಿತ್ರದಲ್ಲಿ ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿರಲಿಲ್ಲ. ಜಗಳ ಆಡುತ್ತಿದ್ದಾಗಲೇ ವಾಸಿ, ರಾಜಿಯಾಗಿದ್ದನ್ನು ನೋಡಲಾಗಲಿಲ್ಲ. ನನ್ನ ಪಕ್ಕದಲ್ಲಿ ವ್ಲಾಸ್ತಾ ತನ್ನ ಕೈಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದಳು.

ದೀಪ ಹತ್ತಿತು. ಸಮಿತಿಯ ಹೆಂಗಸು ಬಲವಂತದ ನಗು ತಂದುಕೊಂಡು, "ಏನ್ರೋ ಮಕ್ಕಳಾ, ಚೆನ್ನಾಗಿತ್ತಾ? ಅಜ್ಜ ಅಜ್ಜಿ ರಾಜಿ ಆದ್ರು, ಅಲ್ವಾ?" ಅಂದಳು.

ಕನ್ನಡಕದ ಒಂದು ಗಾಜಿಗೆ ಬಟ್ಟೆ ಅಂಟಿಸಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಬೀರು ಒಳಗಿದ್ದ ಅಮ್ಮನ್ನ ಯಾಕೆ ಹೊರಗೆ ಬಿಡ್ಲಿಲ್ಲ?"

"ಯಾವ ಅಮ್ಮ ಪುಟ್ಟಿ? ಅಜ್ಜಿ ಬೊಂಬೇನಾ?"

"ಬೊಂಬೆ ಅಲ್ಲ. ದೊಡ್ಡೋಳು. ಹಿಂದ್ಗಡೆ ಅಳ್ತಾ ಇದ್ಲಲ್ಲ."

"ಹಾಗೆ ಯಾರೂ ಇರ್ಲಿಲ್ಲಮ್ಮ."

"ಇದ್ಲು! ನಾನೂ ನೋಡ್ದೆ!" ಅಂದಿತು ಇನ್ನೊಂದು ಮಗು. ಮತ್ತೊಂದು ಅಳತೊಡಗಿತು. ಆ ಒಂಟಿಗಣ್ಣಿನ ಹುಡುಗಿ ಹಿಂದಕ್ಕೆ ತಿರುಗಿ, ಗೋಡೆಗೊರಗಿದ್ದ ನಮ್ಮನ್ನೆಲ್ಲ ಒಂದು ಕಡೆಯಿಂದ ನೋಡುತ್ತ ಬಂದು, ಬೆರಳು ಚಾಚಿದಳು. "ಅಗೋ, ಅವ್ಳೇ."

ದೊಡ್ಡವರ ಕಣ್ಣೆಲ್ಲ ಆ ಹಲ್ಲುಗಳಲ್ಲೇ ಸಿಕ್ಕಿಕೊಂಡಿದ್ದವು, ನಾನೂ ಏನನ್ನೂ ನೋಡಿರಲಿಲ್ಲ. ರಾಡೊಮಿರನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಸಮಿತಿ ಹತ್ತು ನಿಮಿಷದಲ್ಲಿ ತೀರ್ಮಾನ ಬರೆಯಿತು. ಮಕ್ಕಳಿಗೆ ತಕ್ಕದ್ದಲ್ಲ, ದೊಡ್ಡವರು ನೋಡುವ ಚಿತ್ರಗಳ ಮುಂಚೆ ಥಿಯೇಟರಿನಲ್ಲಿ ತೋರಿಸಬಹುದು. ಅಂದರೆ ಮಕ್ಕಳ ಚಿತ್ರಗಳ ಲೆಕ್ಕದಲ್ಲಿ ಒಂದು ಕಡಿಮೆಯೇ ಉಳಿಯಿತು. ಹನ್ನೊಂದು ಹೆಜ್ಜೆಯ ಮನೆ ದ್ರಾಪೆಲಾನ ಕಾರಿನ ಚಾಲಕನಿಗೆ ಹೋಯಿತು. ಅವನಿಗೆ ಮೊದಲೇ ಒಂದು ಮನೆಯಿತ್ತು. ಇವತ್ತಿಗೂ ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಇಪ್ಪತ್ತಮೂರನೇ ತಾರೀಖು ವ್ಲಾಸ್ತಾ ಕಂಕುಳಲ್ಲಿ ಟವೆಲು ಇಟ್ಟುಕೊಂಡು ನನ್ನ ಮನೆಗೆ ಬಂದಳು. ಅತ್ತಿದ್ದಾಳೆ ಅಂದುಕೊಂಡೆ, ಅತ್ತಿರಲಿಲ್ಲ.

"ನಿನ್ನ ಬಚ್ಚಲಲ್ಲಿ ಸ್ನಾನ ಮಾಡ್ಲೇನೇ? ನಮ್ಮ ತೊಟ್ಟೀಲಿ ಎರಡು ಮೀನಿದಾವೆ."

ಕ್ರಿಸ್ಮಸ್ ಊಟಕ್ಕೆಂದು ಬೀದಿಯಲ್ಲಿ ಮಾರುವವರ ಪೀಪಾಯಿಯಿಂದ ಜೀವಂತ ಕಾರ್ಪ್ ಮೀನು ತಂದು ಸ್ನಾನದ ತೊಟ್ಟಿಯಲ್ಲಿ ಈಜಲು ಬಿಡುವುದು ಇಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಒಂದು ಮನೆಗೆ ಒಂದು ಮೀನು. "ಎರಡು ಯಾಕೆ?" ಅಂದೆ.

"ಹೋದ ವರ್ಷದ ತನಕ ಹಬ್ಬಕ್ಕೆ ಅವನು ಅವರಮ್ಮನ ಮನೆಗೆ ಹೋಗ್ತಿದ್ದ. ಮುದುಕಿ ಬೇಸಿಗೇಲಿ ಹೋಗ್ಬಿಟ್ಳಲ್ಲ. ನಾನು ನಂದೊಂದು ತಂದು ಬಿಟ್ಟೆ. ಸಂಜೆ ನೋಡ್ತೀನಿ, ಅವನೂ ಒಂದು ತಂದು ಬಿಟ್ಟಿದಾನೆ. ಮೂರು ದಿನ ಆಯ್ತು. ಯಾವುದು ಯಾರ್ದೋ ಇಬ್ರಿಗೂ ಗೊತ್ತಿಲ್ಲ. ಕೇಳೋಕೆ ಮಾತಿಲ್ಲ." ಹೇಳುತ್ತ ಹೇಳುತ್ತ ನಗತೊಡಗಿದಳು. ಆ ನಗು ಅಳುವಾಗಿ ತಿರುಗಲು ಬಹಳ ಹೊತ್ತು ಹಿಡಿಯಲಿಲ್ಲ. "ತೊಟ್ಟೀಲಿ ಒಂದಕ್ಕೊಂದು ತಾಗದ ಹಂಗೆ ಈಜ್ತಾವೆ ಕಣೇ ಮಿಲಾಡಾ, ಆ ಮೀನುಗಳು! ನಾನು ಅಲ್ಲಿಂದ ಹೊರಗೆ ಬರೋದೇ ಇಲ್ಲ. ಅಲ್ಲೇ ಸಾಯ್ತೀನಿ."

ಬಿಸಿನೀರು ಬಿಟ್ಟುಕೊಟ್ಟೆ. ಬಚ್ಚಲ ಬಾಗಿಲ ಹೊರಗೆ ಕೂತು, ಅವಳು ಹೊರಬರುವ ತನಕ ದ್ರಾಪೆಲಾನನ್ನೂ ಸರ್ಕಾರವನ್ನೂ ಬಾಯಿಗೆ ಬಂದಂತೆ ಬೈದೆ.

ಮಾರನೆಯ ಬೆಳಿಗ್ಗೆ ನಡೆದದ್ದನ್ನು ಅವಳು ಹಬ್ಬ ಮುಗಿದ ಮೇಲೆ ಹೇಳಿದಳು. ರಾಡೊಮಿರನೇ ಅವಳ ಕೋಣೆಯ ಬಾಗಿಲು ತಟ್ಟಿದನಂತೆ. ಕೈಯಲ್ಲಿ ಮೀನು ಕೊಲ್ಲುವ ಮರದ ಸುತ್ತಿಗೆ.

"ಯಾವುದು ನಿಂದು?"

"ದೊಡ್ಡದು."

"ದೊಡ್ಡದು ನಂದು ಅಂದ್ಕೊಂಡಿದ್ದೆ."

"ಹಂಗಾದ್ರೆ ನೀನೇ ಇಟ್ಕೋ, ನನಗೇನಾಗ್ಬೇಕು!"

ಮೂರು ವರ್ಷದಲ್ಲಿ ಮನೆಯೊಳಗೆ ಅದು ಮೊದಲ ಮಾತು. ಅವನು ಹೋಗಲಿಲ್ಲ. ಸುತ್ತಿಗೆಯನ್ನು ನೆಲದ ಮೇಲಿಟ್ಟು, ಜೇಬಿನಿಂದ ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದದ ಒಂದು ಸಣ್ಣ ಪೊಟ್ಟಣ ತೆಗೆದ.

"ಆ ಮಗು ಹೇಳಿದ್ದು ನಿಜ. ನಾನೇ ಒತ್ತಿದ್ದು. ಮೂರು ಸಲ."

"ನಾನು ಹೂಂ ಅಂದಿರ್ಲಿಲ್ಲ."

"ಅಂದಿರ್ಲಿಲ್ಲ. ಹದಿನಾಲ್ಕು ವರ್ಷ ನಿನ್ನ ಕೈ ಬೀಳದ ಹಂಗೆ, ನೆರಳು ಬೀಳದ ಹಂಗೆ ತಪ್ಪಿಸಿ ತಪ್ಪಿಸಿ ತೆಗ್ದೆ. ಅವತ್ತು ಗಾಜಿನ ಹಿಂದೆ ನಿನ್ನ ಮುಖ ಕಾಣಿಸ್ತು. ಮನೇಲೂ ನೀನು ಹಿಂಗೇ ಅಳ್ತೀಯ ಅಂತ ಗೋಡೆ ಈ ಕಡೆಯಿಂದ ಗೊತ್ತಿತ್ತು ನನಗೆ. ನೋಡಿರ್ಲಿಲ್ಲ. ಆ ಫ್ರೇಮುಗಳನ್ನ ಕತ್ತರಿಸಿ ತೆಗೆದ್ಬಿಡ್ಬೇಕು ಅಂತ್ಲೇ ಇದ್ದೆ, ಆಗ್ಲಿಲ್ಲ. ನಿನ್ನ ಮನೆ ಹೋಯ್ತು. ನನ್ನಿಂದ್ಲೇ ಹೋಯ್ತು."

ಸುತ್ತಿಗೆ ಎತ್ತಿ ಅವನ ತಲೆಗೆ ಕುಟ್ಟಬೇಕೆನ್ನಿಸಿತು ಅಂತ ನನ್ನ ಹತ್ತಿರ ಹೇಳಿದಳು, ನಾನು ಅವಳ ಜಾಗದಲ್ಲಿದ್ದರೆ ಕುಟ್ಟಿಯೇಬಿಡುತ್ತಿದ್ದೆ. ಅವಳು ಪೊಟ್ಟಣ ಬಿಚ್ಚಿದಳು. ಅವನು ನೆಗೆಟಿವಿನಿಂದಲೇ ಆ ಮೂರು ಫ್ರೇಮು ಕತ್ತರಿಸಿ ತೆಗೆದು, ಒಂದನ್ನು ಸಣ್ಣ ಪ್ರಿಂಟು ಹಾಕಿ, ಉಗುರಿನ ಕತ್ತರಿಯಿಂದ ಸುತ್ತಲೂ ಕತ್ತರಿಸಿದ್ದ. ಬೀರು ಇರಲಿಲ್ಲ, ಗಾಜು ಇರಲಿಲ್ಲ, ಬೊಂಬೆಗಳಿರಲಿಲ್ಲ. ಬಟಾಣಿಯಷ್ಟು ದೊಡ್ಡ ಅವಳ ಮುಖವೊಂದೇ ಇತ್ತು.

"ಹೊರಗೆ ತೆಗ್ದೆ," ಅಂದನಂತೆ. "ನನ್ನ ಕೈಲಾಗಿದ್ದು ಇಷ್ಟು."

ಅವಳು ಬೆಳಕಿಗೆ ಹಿಡಿದು ನೋಡಿದಳು. "ಒಂದು ಕಿವಿ ಬಿಟ್ಟುಬಿಟ್ಟಿದೀಯ, ಪೆದ್ದ."

"ಕಿವಿ ಬೀರುವಿನ ಮರದ ಹಿಂದಿತ್ತು."

ಮೀನುಗಳನ್ನು ಅವನೇ ಕೊಂದ. ಅವಳು ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿದಳು, ಯಾಕೆಂದರೆ ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಬಾಣಲೆ. ಅವಳು ತನ್ನ ಕೋಣೆಯಲ್ಲಿ ತಿಂದಳು, ಅವನು ಅವನ ಕೋಣೆಯಲ್ಲಿ ತಿಂದ. ರಾಜಿಯಾದರು ಅಂತ ನೀವು ಅಂದುಕೊಂಡಿದ್ದರೆ ಆ ಕಥೆ ಬರೆದ ಪ್ರಾಗ್‌ನ ಪುಣ್ಯಾತ್ಮನ ಹತ್ತಿರ ಹೋಗಿ.

ಹಬ್ಬದ ನಂತರ ಕೆಲಸಕ್ಕೆ ಬಂದ ಮೊದಲ ದಿನ ವ್ಲಾಸ್ತಾ ಆ ಬಟಾಣಿ ಮುಖವನ್ನು ನನ್ನ ಹೊಲಿಗೆ ಮೇಜಿನ ಮೇಲಿಟ್ಟಳು.

"ಇದಕ್ಕೊಂದು ಮೈ ಮಾಡ್ಕೊಡೇ."

"ಏಪ್ರನ್ ಹಾಕ್ಲಾ?"

"ಏಪ್ರನ್ ಬೇಡ. ಕೋಟು ಹೊಲಿ, ದಪ್ಪದ್ದು. ತಲೆಗೆ ಟೋಪಿ, ಕಿವಿ ಮುಚ್ಚೋ ಹಾಗಿರ್ಲಿ. ಕಾಲಿಗೆ ಬೂಟು."

ನಾನು ಆವರೆಗೆ ನೂರಾರು ಬೊಂಬೆಗಳಿಗೆ ಮನೆಯೊಳಗಿನ ಚಪ್ಪಲಿ ಹೊಲಿದಿದ್ದೆ. ನಮ್ಮಲ್ಲಿ ಬಾಗಿಲು ದಾಟಿ ಒಳಗೆ ಬಂದ ಮೇಲೆ ಕಾಲಲ್ಲಿ ಬೂಟು ಇಟ್ಟುಕೊಂಡವರನ್ನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಹೊಲಿದೆ. ನನ್ನ ಹಳೆಯ ಕೈಗವಸಿನ ತೊಗಲಿನಿಂದ ಹೊಲಿದೆ, ಲೇಸು ಸಮೇತ. ಹೆಬ್ಬೆರಳಿನಷ್ಟು ಎತ್ತರದ ಆ ವ್ಲಾಸ್ತಾಳ ಕೈಗೆ ಒಂದು ಚೀಲವನ್ನೂ ಕೊಟ್ಟೆ.

ಅವಳು ಅದನ್ನು ಆರನೇ ಮಹಡಿಯ ಅಡುಗೆಮನೆಯ ಕಿಟಕಿಯಲ್ಲಿ, ಹೊರಗೆ ಮುಖ ಮಾಡಿ ನಿಲ್ಲಿಸಿದಳು. ರಾಡೊಮಿರ್ ಅದನ್ನು ಮುಟ್ಟುತ್ತಿರಲಿಲ್ಲ, ಕಿಟಕಿ ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದ. ಸ್ಟುಡಿಯೋದಲ್ಲಿ ಮತ್ತೆ ಹೂಂ, ಆಯ್ತು. ವ್ಲಾಸ್ತಾಳಿಗೆ ಸ್ವಂತ ಕೋಣೆ ಸಿಕ್ಕಿದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ಅಲ್ಲಿಯವರೆಗೆ ಆರೂವರೆ ವರ್ಷ ಅದು ಟೋಪಿ, ಕೋಟು, ಬೂಟು ಹಾಕಿಕೊಂಡು, ಚೀಲ ಹಿಡಿದುಕೊಂಡು ಆ ಕಿಟಕಿಯಲ್ಲೇ ನಿಂತಿತ್ತು.